ಗಾಲಿಯ ಮೇಲಿನ ಮನೆ

ಟೆಕ್ಸಾಸಿನ ಕಡಲಂಚಿನ ಗೂಸ್ ಐಲ್ಯಾಂಡ್ ಸ್ಟೇಟ್ ಪಾರ್ಕಿನ ಕಡೆಗೆ ಚಳಿಗಾಲದಲ್ಲಿ ಎರಡು ಬಗೆಯ ವಲಸೆಗಾರರು ಬರುತ್ತಾರೆ. ಕೆನಡಾದಿಂದ ಸುಮಾರು 4000 ಕಿ.ಮೀ. ಹಾರಿಬರುವ ಹೂಪಿಂಗ್ ಕ್ರೇನ್ ಹಕ್ಕಿಗಳು ಒಂದು ಬಗೆ. 1941ರಲ್ಲಿ 20 ಕೂಡ ಇಲ್ಲಿಗೆ ಬರುತ್ತಿರಲಿಲ್ಲ, ಈಗ 500 ದಾಟಿವೆ. ಇನ್ನೊಂದು, ಹಿಮಕ್ಕೆ ಬೆನ್ನು ತಿರುಗಿಸಿ, ಒಲೆ, ಹಾಸಿಗೆ, ಬಚ್ಚಲು ಸಮೇತ ಬಸ್ಸಿನಂಥ ಗಾಡಿಮನೆಗಳಲ್ಲಿ ಬರುವ ವಯಸ್ಸಾದವರು. ಇವರಿಗೆ ‘ವಿಂಟರ್ ಟೆಕ್ಸನ್’ ಎಂದೇ ಹೆಸರು.

ಮಗಳ ಜೊತೆ ಹೋದಾಗ ಪಕ್ಕದ ಗಾಡಿಯಲ್ಲಿದ್ದವರು ಎಪ್ಪತ್ತು ದಾಟಿದ ಒಂಟಿ ಹೆಂಗಸು. ಗಂಡ ತೀರಿದ ಮೇಲೆ ಮನೆ ಮಾರಿದ್ದರಂತೆ. ಗಾಡಿ ಓಡಿಸುವುದೂ ಅವರೇ, ಕೈಗವಸು ತೊಟ್ಟು ಕೊಳೆನೀರಿನ ಟ್ಯಾಂಕ್ ಖಾಲಿ ಮಾಡುವುದೂ ಅವರೇ. (ನಮ್ಮಲ್ಲಿ ಯಾವ ಮನೆಯೊಡತಿ ಮುಟ್ಟಿಯಾಳು!) ಎರಡೇ ಹೆಜ್ಜೆಯ ಅಡುಗೆಮನೆ, ನಾಲ್ಕೇ ತಟ್ಟೆ. ನನಗೆ ನಮ್ಮ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳು ನೆನಪಾದವು. ಹತ್ತು ವರ್ಷದಿಂದ ಕೆಳಗಿಳಿಸಿಲ್ಲ, ಯಾರಿಗೂ ಕೊಟ್ಟೂ ಇಲ್ಲ.

“ಬೇಸರವಾಗುವುದಿಲ್ಲವೇ?” ಎಂದೆ.

“ಒಂದೇ ಪಾರ್ಕಿನಲ್ಲಿ ಇಷ್ಟೇ ದಿನ ಎಂದು ಲೆಕ್ಕವಿದೆ. ದಿನ ತುಂಬಿದರೆ ಏಳಬೇಕು. ಬೇಸರಕ್ಕೆ ಪುರುಸೊತ್ತೆಲ್ಲಿ?” ಎಂದು ನಕ್ಕರು.

ಕಪಾಟಿನಲ್ಲಿ ಅಂಚು ಒಡೆದ ದೊಡ್ಡ ಕಾಫಿ ಲೋಟವೊಂದಿತ್ತು. ಗಂಡನದು. ಅದರಲ್ಲಿ ಯಾರೂ ಕುಡಿಯುವುದಿಲ್ಲ. ಗಾಡಿ ಹೊರಡುವ ಮೊದಲು ಅದನ್ನು ಟವೆಲಿನಲ್ಲಿ ಸುತ್ತಿ ಹಾಸಿಗೆಯ ಮೇಲೆ, ದಿಂಬಿಗೊರಗಿಸಿ ಇಡುತ್ತಾರಂತೆ.