ಬೀಟೆಯ ಬೆನ್ನು

ಕೊಬ್ಬರಿ ಆಗಿದೆಯೋ ಇಲ್ಲವೋ ಅನ್ನುವುದನ್ನು ನಮ್ಮಪ್ಪ ಕಿವಿಯಿಂದ ನೋಡುತ್ತಾರೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿದ್ದಿದ್ದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ನೀರು ಕುಲುಕಿದರೆ ವಾಪಸ್ ಅಟ್ಟಕ್ಕೆ, ಒಳಗಿನ ಉಂಡೆ ಗಡಗಡ ಎಂದರೆ ಸುಲಿಯುವವರ ಮುಂದಕ್ಕೆ. ಅರಸೀಕೆರೆ, ತಿಪಟೂರು ಕಡೆಯವರಿಗೆ ಸಂಗೀತದ ಮೊದಲ ಪಾಠ ಇದೇ ಅಂತ ನಾನು ತಮಾಷೆ ಮಾಡುವುದುಂಟು. ಅಪ್ಪ ನಗುವುದಿಲ್ಲ. ಅವರಿಗೆ ಕೊಬ್ಬರಿ ತಮಾಷೆಯಲ್ಲ.

ನನಗೆ ಗಿಟಾರಿನ ಹುಚ್ಚು ಹತ್ತಿದ್ದು ಊರಿನ ಗಣಪತಿ ಪೆಂಡಾಲಿನಲ್ಲಿ, ಏಳನೇ ಕ್ಲಾಸಿನಲ್ಲಿದ್ದಾಗ. ಆರ್ಕೆಸ್ಟ್ರಾದವರು ರಾಜನ್-ನಾಗೇಂದ್ರ ಅವರ ಹಾಡೊಂದನ್ನು ಎತ್ತಿಕೊಂಡಿದ್ದರು. ಊರೆಲ್ಲ ಹಾಡುವವನನ್ನು ನೋಡುತ್ತಿದ್ದರೆ ನಾನು ಮೂಲೆಯ ಕುರ್ಚಿಯಲ್ಲಿದ್ದ ಗಿಟಾರಿನವನ ಎಡಗೈ ನೋಡುತ್ತಿದ್ದೆ. ಹಾಡು ಮುಗಿದಾಗ ಅವನು ಬೆರಳ ತುದಿಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಹಾಡು ಯಾವುದೆಂದು ಮರೆತಿದ್ದೇನೆ, ಒರೆಸಿಕೊಂಡದ್ದು ಮರೆತಿಲ್ಲ.

ಕಾಲೇಜಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಗಿಟಾರ್ ಸಿಕ್ಕಿತ್ತು. ಗಿಟಾರ್ ಅನ್ನುವುದಕ್ಕಿಂತ ತಂತಿ ಕಟ್ಟಿದ ಪ್ಲೈವುಡ್ ಅನ್ನಬೇಕು. ತಂತಿಗೂ ಹಲಗೆಗೂ ನಡುವೆ ಪೆನ್ಸಿಲ್ ತೂರುತ್ತಿತ್ತು. ಎರಡನೇ ಮಳೆಗಾಲದಲ್ಲಿ ಬೆನ್ನಿನ ಪದರ ಹೆಂಚಿನ ಮೇಲಿನ ದೋಸೆಯಂತೆ ಎದ್ದು ಬಂತು. ಆಮೇಲೆ ಕೆಲಸ, ತಂಗಿಯ ಮದುವೆ, ಸೈಟು, ಮಗಳ ಫೀಸು. ನಡುವೆ ಬೆಂಗಳೂರಿಗೆ ಹೋದಾಗಲೆಲ್ಲ ವಾದ್ಯದಂಗಡಿಯ ಗಾಜಿನ ಮುಂದೆ ಐದು ನಿಮಿಷ ನಿಲ್ಲುತ್ತಿದ್ದೆ. ಒಳಗೆ ಹೋಗುತ್ತಿರಲಿಲ್ಲ. ಹೋದರೆ ಮುಟ್ಟಬೇಕಾಗುತ್ತದೆ, ಮುಟ್ಟಿದರೆ ಬೆಲೆ ಕೇಳಬೇಕಾಗುತ್ತದೆ.

ಕೊನೆಗೆ ಬೆಲೆ ಕೇಳಿದ್ದು ನಾನಲ್ಲ, ಕೆಲಸಕ್ಕೆ ಸೇರಿದ ಮಗಳು. ಮೇಲಿನ ಹಲಗೆ ಅಪ್ಪಟ ಸ್ಪ್ರೂಸ್, ಬೆನ್ನು ಮತ್ತು ಪಕ್ಕ ಇಂಡಿಯನ್ ರೋಸ್‌ವುಡ್. ಕಂಪನಿಯ ಹೆಸರು ಹೇಳುವುದಿಲ್ಲ, ಜಾಹೀರಾತು ಆದೀತು. ಅರ್ಧ ದುಡ್ಡು ಅವಳದು, ಅರ್ಧ ನನ್ನದು. ರೈಲಿನಲ್ಲಿ ಅದನ್ನು ಮೇಲೆ ಇಡಲು ಮನಸ್ಸಾಗದೆ ಮಗುವಿನ ಹಾಗೆ ತೊಡೆಯ ಮೇಲೆ ಹಾಕಿಕೊಂಡು ಕೂತೆ. ಎದುರಿಗಿದ್ದವರು ತುಮಕೂರು ದಾಟುವವರೆಗೂ ತಡೆದುಕೊಂಡು, ಆಮೇಲೆ "ವೀಣೆನಾ ಸಾರ್?" ಅಂದರು. ಹೂಂ ಅಂದೆ.

ಮನೆಯಲ್ಲಿ ಅಪ್ಪ ಮೊದಲು ರೇಟು ಕೇಳಿದರು. ಹೇಳಿದೆ. 2024ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ಅಪ್ಪನ ಲೆಕ್ಕ ಅಲ್ಲಿಂದಲೇ ಶುರು. "ಐದು ಕ್ವಿಂಟಾಲು!" ಅಂದು ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ತಾವೇ ಹತ್ತಿರ ಬಂದು, ಅದನ್ನು ಮಗುಚಿ, ಕಡುಗಂದು ಬೆನ್ನಿನ ಮೇಲೆ ಹಾಯ್ದ ಕಪ್ಪು ಗೆರೆಗಳ ಮೇಲೆ ಹೆಬ್ಬೆರಳು ಎಳೆದು ಹೇಳಿದರು: "ರೋಸು ಗೀಸು ಅಲ್ಲ ಕಣ್ಲಾ, ಇದು ಬೀಟೆ."

ನನಗೆ ಅದುವರೆಗೆ ಹೊಳೆದಿರಲಿಲ್ಲ. ಇಷ್ಟು ವರ್ಷ ಗಾಜಿನಾಚೆ ನೋಡಿದ ರೋಸ್‌ವುಡ್ಡು ನಮ್ಮ ಮಲೆನಾಡಿನ ಬೀಟೆ! ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳನ್ನು ಹೊರಗೆ ಬಿಡುವುದು ಬಿಗಿ ಮಾಡಿದಾಗ, 1969ರ ಹೊತ್ತಿಗೆ ಅಮೆರಿಕದ ಮಾರ್ಟಿನ್ ಕಂಪನಿ ತನ್ನ ಹೆಸರುವಾಸಿ ಡಿ-28 ಗಿಟಾರಿಗೆ ಬಳಸತೊಡಗಿದ್ದು ಭಾರತದ ಬೀಟೆಯನ್ನೇ. ಇಲ್ಲಿ ನಮ್ಮದೇ ಹಿತ್ತಲಿನ ಬೀಟೆ ಕಡಿಯಬೇಕಾದರೂ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಅಪ್ಪನಿಗೆ ಈ ಮರದ ಪರಿಚಯ ಬೇಲೂರಿನದು. ಅವರ ಅಮ್ಮನ ತವರು ಅಲ್ಲಿ, ಅಕ್ಕನನ್ನು ಕೊಟ್ಟದ್ದೂ ಅಲ್ಲೇ.

ಮುಂದಿನ ಭಾನುವಾರ ಗಿಟಾರ್ ಹೊತ್ತುಕೊಂಡು ಬೇಲೂರಿಗೆ ಹೋದೆ. ನೆಪ ಅತ್ತೆಯನ್ನು ನೋಡುವುದು, ನಿಜ ಅತ್ತೆಯ ಮಂಚ ನೋಡುವುದು. ಮೂರು ತಲೆಮಾರಿನ ಬೀಟೆ ಮಂಚ, ನಾಲ್ಕು ಜನ ಎತ್ತಿದರೂ ಅಲ್ಲಾಡದ್ದು. "ಬಾಪ್ಪ, ಅದನ್ನ ಅಲ್ಲೇ ಮಂಚದ ಮೇಲೆ ಮಲಗಿಸು, ಊಟ ಮಾಡೀವಂತೆ," ಅಂದರು ಅತ್ತೆ. ಮಲಗಿಸಿದೆ. ಬಣ್ಣ ಒಂದೇ, ಗೆರೆ ಒಂದೇ. ಮಂಚದ ಕಾಲನ್ನು ಗೆಣ್ಣಿನಿಂದ ತಟ್ಟಿದೆ, ಗಿಟಾರಿನ ಬೆನ್ನನ್ನೂ ತಟ್ಟಿದೆ. ಒಂದು ಗೊಣಗಿತು, ಇನ್ನೊಂದು ಓಗೊಟ್ಟಿತು.

ಊಟವಾದ ಮೇಲೆ ಚೆನ್ನಕೇಶವನ ಗುಡಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ್ದು. ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿಟ್ಟಷ್ಟೂ ಗಟ್ಟಿಯಾಗುತ್ತದೆ. ಗಿಟಾರಿನ ಸ್ಪ್ರೂಸ್ ಹಲಗೆಯೂ ವರ್ಷ ಕಳೆದಂತೆ, ನುಡಿಸಿದಂತೆ ಬಾಯಿ ಬಿಡುತ್ತದೆ ಎಂದು ಅಂಗಡಿಯವನು ಹೇಳಿದ್ದ. ಮದನಿಕೆಯರ ಪಕ್ಕ ಮೃದಂಗದವರು, ತಾಳದವರು ಇದ್ದಾರೆ. ಆದರೆ ಈ ಸಲ ನಾನು ಕತ್ತು ನೋಯುವಷ್ಟು ಹುಡುಕಿದ್ದು ಮದನಿಕೆಯರ ಕಾಲ ಕೆಳಗಿನ ಅಕ್ಷರಗಳನ್ನು. ಬಳ್ಳಿಗಾವೆಯ ಶಿಲ್ಪಿ ದಾಸೋಜ, ಅವನ ಮಗ ಚಾವಣ ಹೆಸರು ಬರೆದಿಟ್ಟು ಹೋದವರು. ನನ್ನ ಗಿಟಾರಿನ ಬಾಯಿಯೊಳಗೆ ಇಣುಕಿದರೆ ಕಾಣುವುದು ಕಂಪನಿಯ ಚೀಟಿ, ಒಂದು ಉದ್ದನೆಯ ನಂಬರು. ಬೀಟೆಯನ್ನು ಬಗ್ಗಿಸಿ ಸೊಂಟ ತಂದವರು ಯಾರೋ. ಈ ವಿಷಯದಲ್ಲಿ ಹೊಯ್ಸಳರ ಕಾಲವೇ ವಾಸಿ.

ವಾಪಸು ಬರುವಾಗ ಹಳೇಬೀಡಿನಲ್ಲಿ ಇಳಿದು ದ್ವಾರಸಮುದ್ರದ ಕೆರೆ ಏರಿಯ ಮೇಲೆ ಕೂತೆ. ಯಾರೂ ಇಲ್ಲ ಅಂದುಕೊಂಡು ನನಗೆ ಬರುವ ಮೂರು ಕಾರ್ಡುಗಳನ್ನು ತಿರುಗಿಸಿ ತಿರುಗಿಸಿ ನುಡಿಸಿದೆ. ನೀರಿನ ಮೇಲೆ ಸದ್ದು ಹೋಗಿ ಬರುತ್ತಿದ್ದ ಹಾಗನ್ನಿಸಿತು. ಹೊಟ್ಟೆಗೆ ಆನಿಸಿಕೊಂಡಿದ್ದ ಬೀಟೆ ಪ್ರತಿ ಮೀಟಿಗೂ ಒಳಗೆ ಗುಂಯ್ ಅನ್ನುತ್ತಿತ್ತು. ಮೂವತ್ತೈದು ವರ್ಷ ಕಾದದ್ದು ಆ ಗುಂಯ್‌ಗೆ. ಎಮ್ಮೆ ಹೊಡೆದುಕೊಂಡು ಬಂದ ಹುಡುಗ ಸ್ವಲ್ಪ ಹೊತ್ತು ನಿಂತು ಕೇಳಿ, "ಸಾರ್, ಹಾಡು ಯಾವಾಗ ಶುರುವಾಗುತ್ತೆ?" ಅಂದ.

ರಾತ್ರಿ ಅಪ್ಪನ ಮುಂದೆಯೂ ಅದೇ ಮೂರು ಕಾರ್ಡು ನುಡಿಸಿದೆ. ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಗಿಟಾರನ್ನು ಎತ್ತಿ ಕಿವಿಯ ಹತ್ತಿರ ಹಿಡಿದು, ಗೆಣ್ಣಿನಿಂದ ಎರಡು ಸಲ ತಟ್ಟಿದರು.

"ಚೆನ್ನಾಗೈತೆ," ಅಂದರು. "ಇನ್ನೂ ವಸಿ ಒಣಗ್ಬೇಕು."