ಕಲ್ಲನ್ನು ಓದಿದವರು
ನಮ್ಮ ಕೋಗಳಿಯು ಹಿಂದೆ ನೊಳಂಬವಾಡಿಯೊಳಗೆ ‘ಕೋಗಳಿ ಐನೂರು’ ಎಂಬ ನಾಡಿಗೆ ಹೆಸರಿತ್ತ ಊರು. ಇಲ್ಲಿಯ ಹಳೆಯ ಬಸದಿಯೆದುರು ನಿಂತಾಗಲೆಲ್ಲ ನಮಗೆ ಸಿ. ಶಿವರಾಮಮೂರ್ತಿಗಳ (1909–1983) ನೆನಪಾಗುವುದು. ಮದರಾಸಿನ ವಸ್ತುಸಂಗ್ರಹಾಲಯದಲ್ಲಿ ಪ್ರಾಚ್ಯವಸ್ತುಗಳ ಪಾಲಕರಾಗಿದ್ದು, ಮುಂದೆ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ನಿರ್ದೇಶಕರಾದ ಈ ಮಹನೀಯರು 1942ರಲ್ಲಿ ಅಮರಾವತಿಯ ಶಿಲ್ಪಗಳನ್ನು ಕುರಿತು ಗ್ರಂಥ ರಚಿಸಿದರು. ನೊಳಂಬರ ರಾಜಧಾನಿ ಹೇಮಾವತಿಯಿಂದ ಮದರಾಸನ್ನು ಸೇರಿದ್ದ ಶಿಲ್ಪಗಳನ್ನು 1964ರಲ್ಲಿ ವಿವರಿಸಿದರು. ಊರು ಬಿಟ್ಟ ಕಲ್ಲುಗಳಿಗೆ ಅವರಿಂದ ಮತ್ತೆ ಊರ ಹೆಸರು ದೊರೆಯಿತು.

ಊರಿನಲ್ಲಿಯೇ ಉಳಿದ ಕಲ್ಲಿಗೆ ನಾವೇನು ಮಾಡಿದೆವು? ಬಾಲ್ಯದಲ್ಲಿ ಶಾಸನದ ಕಲ್ಲಿನ ಮೇಲೆ ಹುಣಿಸೆಕಾಯಿ ಜಜ್ಜಿದವರಲ್ಲಿ ನಾವೂ ಒಬ್ಬರು. ಈಗ ಮನೆಯ ಮಕ್ಕಳನ್ನು ಕರೆತಂದು, ಧೂಳನ್ನೊರಸಿ, ಅಕ್ಷರಗಳನ್ನು ಒಂದೊಂದಾಗಿ ತೋರಿಸುತ್ತಿರುವೆವು.