ಮಳೆಗಾಲದ ಕೊನೆಯಲ್ಲಿ ಕಡಲಂಚಿನ ಮೂರು ರಾತ್ರಿಗಳು

ಪ್ರವಾಸವು ವಿದ್ಯಾಭ್ಯಾಸದ ಒಂದು ಅಂಗವೆಂಬುದನ್ನು ಅಧ್ಯಾಪಕ ತರಬೇತಿಯ ದಿನಗಳಲ್ಲಿ ನಾವೆಲ್ಲರೂ ಕಲಿತವರೇ. ಆದರೆ ಕಲಿತುದನ್ನು ಆಚರಣೆಗೆ ತರುವಾಗ ಶಾಲಾ ಪ್ರವಾಸವೆಂಬುದು ಬಸ್ಸಿನ ಕಿಟಕಿಯಿಂದ ಕಂಡ ಒಂದು ಅಣೆಕಟ್ಟು, ಅರ್ಧ ಗಂಟೆಯಲ್ಲಿ ಸುತ್ತಿ ಮುಗಿಸಿದ ಒಂದು ದೇವಾಲಯ, ಸಂಜೆಯ ಹೊತ್ತಿಗೆ ಒಂದು ಕಡಲ ತೀರ, ಇಷ್ಟಕ್ಕೇ ಮುಗಿದುಹೋಗುತ್ತದೆ. ಕಡಲಿನ ಪಾಲಿಗೆ ಮಿಗುವುದು ದಿನದ ಕೊನೆಯ ಒಂದು ತಾಸು ಮಾತ್ರ. ಆಗ ಅಧ್ಯಾಪಕರು ದಣಿದಿರುತ್ತಾರೆ, ಮಕ್ಕಳು ನೀರಿಗೆ ಓಡುತ್ತಾರೆ, ಕತ್ತಲೆ ಇಳಿಯುತ್ತಿರುತ್ತದೆ. ಕಡಲನ್ನು ನೋಡುವುದಕ್ಕೆ ಇದಕ್ಕಿಂತ ಅಪಾಯಕರವಾದ ಸಮಯ ಬೇರೊಂದಿಲ್ಲ.

2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ತೆರೆಗಳ ಸೆಳೆತಕ್ಕೆ ಸಿಕ್ಕಿ ಅಸುನೀಗಿದ ವಾರ್ತೆಯನ್ನು ಓದುಗರು ಮರೆತಿರಲಾರರು. ಆ ಬಳಿಕ ನಮ್ಮ ಶಾಲೆಯ ರಕ್ಷಕ-ಶಿಕ್ಷಕ ಸಭೆಯಲ್ಲಿ, ಇನ್ನು ಮುಂದೆ ಮಕ್ಕಳನ್ನು ಕಡಲ ಕಡೆಗೇ ಕರೆದೊಯ್ಯಬಾರದೆಂಬ ಬೇಡಿಕೆ ಬಂದಿತು. ಹೆತ್ತವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಆದರೆ ಮಂಜೇಶ್ವರದಿಂದ ತ್ರಿಕರಿಪುರದವರೆಗೆ ಕಡಲನ್ನೇ ಪಡುವಣ ಗಡಿಯಾಗಿ ಪಡೆದ ಕಾಸರಗೋಡು ಜಿಲ್ಲೆಯ ಮಕ್ಕಳು, ಗುಡ್ಡದ ಮೇಲಿನ ಹಳ್ಳಿಯಲ್ಲಿ ಹುಟ್ಟಿದರೆಂಬ ಒಂದೇ ಕಾರಣಕ್ಕೆ ಕಡಲನ್ನರಿಯದೆ ಬೆಳೆಯಬೇಕೇ? ಬೆಳೆದ ಮೇಲೆ ಗೆಳೆಯರ ಜೊತೆಗೂಡಿ ಅವರು ಹೋಗಿಯೇ ಹೋಗುತ್ತಾರೆ, ಅರಿಯದೆ ಹೋಗುತ್ತಾರೆ. ಆದುದರಿಂದ, ಮೊದಲು ನಾವೇ ಹೋಗಿ ಕಡಲಂಚಿನಲ್ಲಿ ಕೆಲವು ರಾತ್ರಿ ತಂಗಿ ನೋಡುವುದು, ಆಮೇಲೆ ಮಕ್ಕಳ ವಿಚಾರ ನಿಶ್ಚಯಿಸುವುದು ಎಂದು ನಾವು ಐವರು ಅಧ್ಯಾಪಕರು ತೀರ್ಮಾನಿಸಿ, 2025ರ ನವರಾತ್ರಿ ಕಳೆದೊಡನೆ ಅಕ್ಟೋಬರ್ ಮೊದಲ ವಾರದಲ್ಲಿ ಎರಡು ಡೇರೆಗಳೊಂದಿಗೆ ಉತ್ತರ ಕನ್ನಡಕ್ಕೆ ಹೊರಟೆವು.

ಉತ್ತರ ಕನ್ನಡವನ್ನೇ ಆಯ್ದುದಕ್ಕೆ ಕಾರಣವಿದೆ. 1862ರಲ್ಲಿ ಉತ್ತರ ಭಾಗವು ಮುಂಬಯಿ ಪ್ರಾಂತಕ್ಕೆ ಸೇರುವುದಕ್ಕೆ ಮುನ್ನ ಕಾರವಾರವೂ ಕಾಸರಗೋಡೂ ಒಂದೇ ಕೆನರಾ ಸೀಮೆಯವು. ಮಣ್ಣು, ಮಳೆ, ತೆಂಗು, ಕಡಲು ಎಲ್ಲವೂ ಎರಡು ಕಡೆಯೂ ಒಂದೇ ಬಗೆಯವು. ಭೇದವಿರುವುದು ಗುಡ್ಡಗಳ ನಿಲುವಿನಲ್ಲಿ. ನಮ್ಮಲ್ಲಿ ಸಹ್ಯಾದ್ರಿಯು ಕಡಲಿನಿಂದ ಬಹುದೂರ ಸರಿದು ನಿಂತಿದೆ. ಅಲ್ಲಿ ಅದರ ಕವಲುಗಳು ಕಾಡನ್ನು ಹೊದ್ದುಕೊಂಡೇ ಬಂದು ನೇರವಾಗಿ ನೀರಿಗಿಳಿಯುತ್ತವೆ. ಸುಮಾರು 140 ಕಿಲೊಮೀಟರು ಉದ್ದದ ಆ ಕರಾವಳಿಯಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ದೊಡ್ಡ ನದಿಗಳು ಕಡಲನ್ನು ಕೂಡುತ್ತವೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಕಾಡು, ಬಂಡೆ, ಮರಳು, ಅಳಿವೆ ಇವೆಲ್ಲವನ್ನೂ ಒಂದು ದಿನದ ನಡಿಗೆಯಲ್ಲಿ ಕಾಣಬಹುದಾದ ಪ್ರದೇಶವದು.

ಗೋಕರ್ಣದ ದಕ್ಷಿಣಕ್ಕೆ ಕುಡ್ಲೆ, ಓಂ, ಅರ್ಧಚಂದ್ರ, ಪ್ಯಾರಡೈಸ್, ಬೇಲೆಕಾನ ಎಂದು ಒಂದರ ಹಿಂದೊಂದು ಪುಟ್ಟ ಮರಳುತೀರಗಳಿವೆ. ಒಂದೊಂದರ ನಡುವೆಯೂ ಒಂದು ಗುಡ್ಡದ ಮೂಗು ಕಡಲಿಗೆ ಚಾಚಿದೆ. ಓಂ ತೀರದಲ್ಲಿ ಬಂಡೆಯ ಚಾಚೊಂದು ನಡುವೆ ನಿಂತು ಮರಳನ್ನು ಎರಡು ಅರ್ಧವೃತ್ತಗಳಾಗಿ ಸೀಳಿರುವುದರಿಂದಲೇ ಅದಕ್ಕೆ ಆ ಹೆಸರು. ಕಡಲಂಚಿನಲ್ಲಿ ಕಂಡಕಂಡಲ್ಲಿ ಡೇರೆ ಹೂಡುವುದು ಸರಿಯಲ್ಲವಾದ್ದರಿಂದ, ಒಂದು ತೆಂಗಿನ ತೋಟದ ಯಜಮಾನರಲ್ಲಿ ಅನುಮತಿ ಬೇಡಿ, ಅವರು ತೋರಿಸಿದ ಎತ್ತರದ ಬಯಲಿನಲ್ಲಿ ಬಿಡಾರ ಮಾಡಿದೆವು. ತೆಂಗಿನ ಮರದ ಬುಡದಲ್ಲಿ ಮಲಗಬಾರದು, ಒಣಗಿದಂತೆ ಕಾಣುವ ತೋಡಿನ ಪಾತ್ರದಲ್ಲಿ ಡೇರೆ ಹೂಡಬಾರದು, ಡೇರೆಯ ಸುತ್ತ ಗೇಣುದ್ದ ಆಳದ ಕಾಲುವೆ ತೋಡದೆ ನಿದ್ರಿಸಬಾರದು. ಈ ಮೂರನ್ನೂ ಅವರು ಹೇಳಿದರು. ಅಂದಿನ ಇರುಳು ಮಳೆಯೂ ಹೇಳಿತು. ಹನ್ನೊಂದು ಗಂಟೆಗೆ ಕಡಲ ಕಡೆಯಿಂದ ಎದ್ದ ಮಳೆ ಒಂದೇ ತಾಸಿನಲ್ಲಿ ಸಂಜೆ ಒಣಗಿದ್ದ ತೋಡನ್ನು ಮೊಣಕಾಲು ಮಟ್ಟಕ್ಕೆ ತುಂಬಿ ಹರಿಸಿತು. ನಮ್ಮ ಕಾಲುವೆಗಳು ತಮ್ಮ ಕೆಲಸವನ್ನು ಮಾಡಿದುದರಿಂದ ಹಾಸಿಗೆ ಒಣಗಿಯೇ ಉಳಿಯಿತು. ಬೆಳಿಗ್ಗೆ ಕಟ್ಟಿಗೆ ಮಾತ್ರ ಹತ್ತಿಕೊಳ್ಳಲೊಲ್ಲದು. ತೋಟದ ಮನೆಯವರು ಕೊಟ್ಟ ಒಣಗಿದ ತೆಂಗಿನ ಮೊಟ್ಟೆಯಿಂದ ಗಂಜಿ ಬೆಂದಿತು.

ಮರುದಿನ ಬೆಳಿಗ್ಗೆ ನಾವು ನೀರಿಗಿಳಿಯದೆ ಗುಡ್ಡವನ್ನೇರಿ ಎರಡು ತಾಸು ಕುಳಿತೆವು. ಮೇಲಿನಿಂದ ನೋಡಿದಾಗ ಕಡಲು ಬೇರೆಯೇ ಪುಸ್ತಕದಂತೆ ತೋರಿತು. ತೆರೆಗಳು ಸಾಲಾಗಿ ಬಂದು ಬಿಳಿಯ ನೊರೆಯಾಗಿ ಒಡೆಯುತ್ತಿದ್ದುವು. ಆದರೆ ಬಂಡೆಯ ಪಕ್ಕದಲ್ಲಿ, ಹತ್ತು ಹದಿನೈದು ಮಾರು ಅಗಲದ ಒಂದು ಜಾಗದಲ್ಲಿ, ತೆರೆ ಒಡೆಯುತ್ತಲೇ ಇರಲಿಲ್ಲ. ಅಲ್ಲಿ ನೀರು ಕದಡಿದ ಬಣ್ಣದ್ದಾಗಿ ನೊರೆಯ ತುಣುಕುಗಳನ್ನು ಹೊತ್ತು ಹಿಂದಕ್ಕೆ, ಆಳದ ಕಡೆಗೆ, ಸರಿಯುತ್ತಿತ್ತು. ತೆರೆಗಳು ದಡಕ್ಕೆ ತಂದು ಪೇರಿಸಿದ ನೀರು ಕಡಲಿಗೆ ಮರಳುವ ದಾರಿ ಅದು. ಮರಳಿನ ಮೇಲೆ ನಿಂತವನ ಕಣ್ಣಿಗೆ ತೀರದಲ್ಲೆಲ್ಲ ಅತ್ಯಂತ ಶಾಂತವಾಗಿ ತೋರುವುದು ಆ ಜಾಗವೇ. ಈಜರಿಯದವನು ಅಲ್ಲಿಯೇ ಇಳಿಯುತ್ತಾನೆ. ಸೆಳೆತಕ್ಕೆ ಸಿಕ್ಕವನು ದಡದ ಕಡೆಗೆ ನೇರವಾಗಿ ಹೋರಾಡಿದರೆ ಕೈಕಾಲು ಸೋಲುತ್ತವೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಆ ಕಿರಿದಾದ ಹರಿವಿನಿಂದ ಹೊರಬೀಳಬಹುದು. ಬಲೆ ಹೆಣೆಯುತ್ತ ಕುಳಿತಿದ್ದ ಮುದುಕರೊಬ್ಬರಿಗೆ ಇದನ್ನು ಹೇಳಿದಾಗ ಅವರು ನಕ್ಕು, “ಒಡೆಯದ ತೆರೆಯನ್ನು ನಂಬಬೇಡಿ ಮಾಸ್ತರರೇ” ಎಂದರು. ನಾವು ಎರಡು ತಾಸಿನಲ್ಲಿ ಕಲಿತುದನ್ನು ಅವರು ಒಂದೇ ವಾಕ್ಯದಲ್ಲಿ ಮುಗಿಸಿದ್ದರು.

ರಾತ್ರಿ ಉಳಿದವರಿಗೆ ಮಾತ್ರ ತಿಳಿಯುವ ಇನ್ನೊಂದು ಪಾಠವೆಂದರೆ ಭರತ ಇಳಿತಗಳದು. ನಾವು ಹೋದಾಗ ಶುಕ್ಲಪಕ್ಷ, ಹುಣ್ಣಿಮೆ ಸಮೀಪಿಸುತ್ತಿತ್ತು. ನೀರು ಏರಿದಲ್ಲಿ ಒಂದು ಕೋಲು ನೆಟ್ಟು ಗುರುತು ಮಾಡಿದೆವು. ಮರುರಾತ್ರಿಯ ಭರತವು ಸುಮಾರು ಐವತ್ತು ನಿಮಿಷ ತಡವಾಗಿ ಬಂದು ಆ ಕೋಲನ್ನು ದಾಟಿ ಹೋಯಿತು. ಚಂದ್ರನು ದಿನದಿನಕ್ಕೆ ತಡವಾಗಿ ಮೂಡುವುದನ್ನೂ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಭರತ ಹೆಚ್ಚುವುದನ್ನೂ ಕರಿಹಲಗೆಯ ಮೇಲೆ ನಾವು ಎಷ್ಟು ವರ್ಷ ಬರೆದಿಲ್ಲ! ಒಂದು ಕೋಲು ಅದನ್ನು ಎರಡು ರಾತ್ರಿಗಳಲ್ಲಿ ಸಾರಿತು. ಬೆಳಿಗ್ಗೆ ಬಂಡೆಯ ಬುಡದಲ್ಲಿ ಒಣಮರಳಿನ ದಾರಿ ಹಿಡಿದು ಹೋದವನು ಮಧ್ಯಾಹ್ನ ಅದೇ ದಾರಿಯಲ್ಲಿ ಮರಳಲಾರನೆಂಬುದೂ ಇದರಿಂದಲೇ ಸ್ಪಷ್ಟವಾಯಿತು.

ಕಡಲನ್ನು ಬಲ್ಲವರೇ ಕಡಲಿಗೆ ವಿರಾಮ ಕೊಡುವುದನ್ನೂ ಇಲ್ಲಿ ನೆನೆಯಬೇಕು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ, ನಮ್ಮ ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಯಂತ್ರದ ದೊಡ್ಡ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಮೀನು ಮರಿಯಿಡುವ ಕಾಲ, ಕಡಲು ಕೆರಳುವ ಕಾಲ ಎರಡೂ ಅದೇ. ಮಳೆಗಾಲದ ತೆರೆಗಳು ತೀರದ ಮರಳನ್ನು ಕೊರೆದು ಒಳಕ್ಕೆಳೆಯುತ್ತವೆ. ಮಳೆ ಕಳೆದ ಬಳಿಕ ಮೆಲುತೆರೆಗಳು ಅದನ್ನು ಮತ್ತೆ ತಂದು ಹಾಸುತ್ತವೆ. ಅಕ್ಟೋಬರಿನಲ್ಲಿ ನಾವು ಕಂಡ ತೀರ ಅರ್ಧ ಮಾತ್ರ ಮರಳಿ ಬಂದ ತೀರ. ಬಂಡೆಗಳ ಬೇರುಗಳು ಇನ್ನೂ ಬರಿದಾಗಿದ್ದುವು. ಅಡುಂಬು ಬಳ್ಳಿ ಮಾತ್ರ ತನ್ನ ನೇರಿಳೆ ಹೂಗಳೊಂದಿಗೆ ಮರಳನ್ನು ಹಿಡಿದುಕೊಂಡಿತ್ತು.

ಈ ಗುಡ್ಡಗಳ ನೆತ್ತಿಯಲ್ಲಿರುವುದು ನಮ್ಮ ಮುರಕಲ್ಲೇ. 1800-01ರಲ್ಲಿ ಕೆನರಾ ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬಾತನು ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಲ್ಯಾಟರೈಟ್ ಎಂಬ ಹೆಸರಿಟ್ಟನು. ಇದರ ರಂಧ್ರಗಳು ಮಳೆಯನ್ನು ಕುಡಿದು ತಡವಾಗಿ ಬಿಡುತ್ತವೆ. ಗೋಕರ್ಣದ ರಾಮತೀರ್ಥದಲ್ಲಿ ಉಪ್ಪುನೀರಿನ ಮಗ್ಗುಲಲ್ಲಿಯೇ ಸಿಹಿನೀರು ಒಸರುವುದನ್ನು ಭಕ್ತರು ಪವಾಡವೆಂದೆಣಿಸಿದರೆ ಆಶ್ಚರ್ಯವಿಲ್ಲ. ಗುಡ್ಡದ ಹೊಟ್ಟೆಗೆ ಸುರಂಗ ಕೊರೆದು ನೀರು ತರುವ ಕಾಸರಗೋಡಿನ ರೈತನಿಗಾದರೋ ಅದರ ಗುಟ್ಟು ಅಜ್ಜನ ಕಾಲದಿಂದಲೂ ಗೊತ್ತು.

ಆದರೆ ನೀರು ಕುಡಿದ ಗುಡ್ಡದ ಬುಡವನ್ನು ಕಡಿದರೆ ಏನಾಗುವುದೆಂಬುದಕ್ಕೂ ಆ ಸೀಮೆಯಲ್ಲಿಯೇ ಸಾಕ್ಷಿಯಿದೆ. ಗೋಕರ್ಣದ ಉತ್ತರಕ್ಕೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಜರಿದು ಗಂಗಾವಳಿಗೆ ಬಿದ್ದಿತು. ಚಹದಂಗಡಿಯವರು, ದಾರಿಹೋಕರು ಮಣ್ಣುಪಾಲಾದರು. ನದಿಯ ನೀರು ಎದ್ದು ಆಚೆ ದಡದ ಮನೆಗಳ ಮೇಲೂ ಅಪ್ಪಳಿಸಿತು. ಕೇರಳದ ಒಬ್ಬ ಲಾರಿ ಚಾಲಕನು ತನ್ನ ಲಾರಿಯೊಡನೆ ನದಿಯ ತಳದಲ್ಲಿ ಸಿಕ್ಕಿದುದು ಸೆಪ್ಟೆಂಬರ್ 25ರಂದು. ಆ ಎರಡು ತಿಂಗಳು ನಮ್ಮೂರಿನ ಮನೆಮನೆಗಳಲ್ಲಿ ಮಲಯಾಳದಲ್ಲಿಯೂ ಕನ್ನಡದಲ್ಲಿಯೂ ಅದೇ ಮಾತು. ಮಳೆಯ ಕರಾವಳಿಯಲ್ಲಿ ಬಿಡಾರ ಹೂಡುವವನು ಕಡಲನ್ನು ಮಾತ್ರವಲ್ಲ, ಬೆನ್ನ ಹಿಂದಿನ ಗುಡ್ಡವನ್ನೂ ನೋಡಿಯೇ ಜಾಗ ಆರಿಸಬೇಕು.

ಎರಡನೆಯ ದಿನ ತದಡಿಯಲ್ಲಿ ದೋಣಿಯೇರಿ ಅಘನಾಶಿನಿ ಅಳಿವೆಯನ್ನು ದಾಟಿದೆವು. ಸಿರಸಿಯ ಬಳಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಧುಮುಕಿ ಬರುವ ಈ ನದಿಗೆ ದೊಡ್ಡ ಅಣೆಕಟ್ಟೆಂಬುದಿಲ್ಲ. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು ಎಂಬ ಅಳಿವೆಯ ಲಯ ಅದರಿಂದಲೇ ಉಳಿದುಕೊಂಡಿದೆ. ಇಳಿತದ ಹೊತ್ತಿನಲ್ಲಿ ಹೆಂಗಸರು ಗಂಡಸರು ಸೊಂಟದುದ್ದ ನೀರಿನಲ್ಲಿ ನಿಂತು ಬಳಚು ಹೆಕ್ಕುತ್ತಿದ್ದರು. ನಮ್ಮ ಕಡೆ ಮರುವಾಯಿ ಎನ್ನುವ ಚಿಪ್ಪುಮೀನು ಅದು. ಸಾವಿರಾರು ಜನರಿಗೆ ಇದೇ ಅನ್ನ. ಅಳಿವೆಯ ಇಕ್ಕೆಲದ ಗಜನಿ ಭೂಮಿಯಲ್ಲಿ ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಸಾಣಿಕಟ್ಟೆಯ ಆಗರಗಳಲ್ಲಿ ಬೇಸಿಗೆಯಲ್ಲಿ ಉಪ್ಪು ಬೆಳೆಯುತ್ತದೆ. ದಕ್ಷಿಣದ ಶರಾವತಿಯ ಅಳಿವೆಯಲ್ಲಿ ವಿದ್ಯುದಾಗಾರಗಳ ಸಿಹಿನೀರು ವರ್ಷವಿಡೀ ಇಳಿಯುವುದರಿಂದ ಉಪ್ಪಿನಂಶ ತಗ್ಗಿ ಬಳಚು ಕ್ಷೀಣಿಸಿತೆಂದು ವಿಜ್ಞಾನಿಗಳು ಹೇಳಿದ್ದಾರೆ. ಅಘನಾಶಿನಿಯ ಅಳಿವೆಯು 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು. ನಾವು ಸೊಗಸೆಂದು ನೋಡುವ ನೋಟವು ಇನ್ನೊಬ್ಬರ ಅಡುಗೆಮನೆಯೆಂಬುದನ್ನು ಮರೆಯಲಾಗದು. ಆ ರಾತ್ರಿ ಅಘನಾಶಿನಿ ಊರಿನ ಹೊರಗೆ ತಂಗಿದಾಗ ನಮ್ಮ ಒಂದು ಕಾಗದದ ಚೂರೂ ಅಲ್ಲಿ ಉಳಿಯದಂತೆ ನೋಡಿಕೊಂಡೆವು.

ಮೂರನೆಯ ಬಿಡಾರ ಹೊನ್ನಾವರದ ಬಳಿಯ ಕಾಸರಕೋಡಿನಲ್ಲಿ. ಹೆಸರು ಕೇಳಿಯೇ ಊರಿಗೆ ಬಂದಂತಾಯಿತು. ಅಲ್ಲಿಯ ತೀರವು 2020ರಲ್ಲಿ ಪಡುಬಿದ್ರೆಯೊಂದಿಗೆ ನೀಲಿ ಬಾವುಟದ ಮನ್ನಣೆ ಪಡೆಯಿತು. ಶರಾವತಿಯ ಕಾಂಡ್ಲಾವನದ ನಡುವೆ ಮರದ ಹಲಗೆಗಳ ಕಾಲುದಾರಿಯಿದೆ. ಕೆಸರಿನಿಂದ ಈಟಿಗಳಂತೆ ಮೇಲೆದ್ದ ಉಸಿರುಬೇರುಗಳನ್ನು ಮಕ್ಕಳು ಕೈಯಳತೆಯ ದೂರದಲ್ಲಿ, ಗಿಡಕ್ಕೆ ನೋವಾಗದಂತೆ ನೋಡಬಹುದು.

ಹಿಂದಿರುಗಿದ ಮೇಲೆ ಹೆತ್ತವರ ಸಭೆ ಕರೆದು, ಕಂಡುದನ್ನೆಲ್ಲ ನಿವೇದಿಸಿ, ನಮ್ಮ ಅಭಿಪ್ರಾಯವನ್ನು ತಿಳಿಸಿದೆವು: ಮಕ್ಕಳನ್ನು ಕಡಲಿಗೆ ಕರೆದೊಯ್ಯಬೇಕು, ಆದರೆ ಒಂದು ತಾಸಿಗಾಗಿ ಅಲ್ಲ. ನೀರಿಗೆ ಇಳಿಯಲೇಬೇಕೆಂಬ ಆತುರ ಹುಟ್ಟುವುದು ಸಮಯ ಕಿರಿದಾದಾಗ. ಎರಡು ದಿನ ಉಳಿಯುವ ಮಗುವಿಗೆ ಗುಡ್ಡದ ಮೇಲೆ ಕುಳಿತು ತೆರೆಯನ್ನು ಓದಲು ವ್ಯವಧಾನವಿರುತ್ತದೆ. ಎಲ್ಲರೂ ಒಪ್ಪಿದರೆನ್ನಲಾರೆವು, ಹನ್ನೊಂದು ಮಂದಿ ಹೆತ್ತವರು ಒಪ್ಪಿದರು, ಅವರಲ್ಲಿ ಮೂವರು ತಾವೂ ಜೊತೆಗೆ ಬರುವೆವೆಂದರು. ಆರಂಭಕ್ಕೆ ಅಷ್ಟು ಸಾಕು.

ಇಂತಹ ಬಿಡಾರವನ್ನು ಯೋಚಿಸುವ ಅಧ್ಯಾಪಕ ಮಿತ್ರರಿಗೆ ನಮ್ಮ ಸೂಚನೆಗಳಿಷ್ಟು. ಜೂನಿನಿಂದ ಸೆಪ್ಟೆಂಬರಿನವರೆಗೆ ಹೋಗಬಾರದು. ಮಕ್ಕಳೊಂದಿಗೆ ನವೆಂಬರದಿಂದ ಫೆಬ್ರುವರಿಯ ಕಾಲ ಲೇಸು. ಭರತ ಇಳಿತಗಳ ವೇಳಾಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಜಾಗದ ಒಡೆಯರ, ಕಾಡಾದರೆ ಅರಣ್ಯ ಇಲಾಖೆಯ, ಒಪ್ಪಿಗೆ ಪಡೆಯಬೇಕು. ಜೀವರಕ್ಷಕರಿಲ್ಲದ ತೀರದಲ್ಲಿ ಮಕ್ಕಳು ಪಾದ ತೊಯ್ಯುವುದಕ್ಕಿಂತ ಮುಂದೆ ಹೋಗಬಾರದು. ಊರಿನ ಒಬ್ಬ ಮೀನುಗಾರರನ್ನು ಗೌರವದಿಂದ ಕರೆದು, ಮಕ್ಕಳ ಮುಂದೆ ಕೂರಿಸಿ, ಅರ್ಧ ಗಂಟೆ ಮಾತನಾಡಿಸಬೇಕು. ಬೆಂಕಿಪೆಟ್ಟಿಗೆಯನ್ನು ಡಬ್ಬಿಯೊಳಗಿಡಬೇಕು. ಡೇರೆಯ ಸುತ್ತಲಿನ ಕಾಲುವೆಯನ್ನು, ಆಕಾಶ ಎಷ್ಟೇ ತಿಳಿಯಾಗಿರಲಿ, ಕತ್ತಲಾಗುವ ಮುನ್ನವೇ ತೋಡಿ ಮುಗಿಸಬೇಕು.